ಕೌಟುಂಬಿಕ ದೌರ್ಜನ್ಯದ ಕೇಸು ಎದುರಿಸುತ್ತಿರುವವರಿಗೆ ಉಚಿತ ಕಾನೂನು ನೆರವು: ದಾವಣಗೆರೆ, ಚಿತ್ರದುರ್ಗದ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿಯಾಗಿ ನಾನು ಮತ್ತೆ ಮತ್ತೆ ಕೇಳಿಸಿಕೊಂಡ ಪ್ರಶ್ನೆಗಳಿವು. ಕೆಲವನ್ನು ಕೋರ್ಟಿನ ಮೆಟ್ಟಿಲ ಮೇಲೆ ಕೂತವರು ಕೇಳಿದ್ದು, ಕೆಲವು ಜಗಳೂರು, ಚನ್ನಗಿರಿ, ಹೊಳಲ್ಕೆರೆ ಕಡೆ ಕಾನೂನು ಅರಿವು ಸಭೆ ಮುಗಿದ ಮೇಲೆ ಪಕ್ಕಕ್ಕೆ ಕರೆದು ಕೇಳಿದ್ದು, ಇನ್ನು ಕೆಲವು ಜೈಲಿನಲ್ಲಿರುವವರ ಮನೆಯವರು ಬರೆದು ಕಳಿಸಿದ್ದು. ಪ್ರಶ್ನೆಗಳನ್ನು ಆದಷ್ಟೂ ಅವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮ್ಮ ಕಾಗದಪತ್ರ ನೋಡಿ ಹೇಳಬೇಕಾದದ್ದನ್ನು ವಕೀಲರೇ ಹೇಳಬೇಕು. ಅವರ ಹತ್ತಿರ ಹೋಗುವ ಮೊದಲು ತಿಳಿದಿರಬೇಕಾದದ್ದು ಇಲ್ಲಿದೆ.

ಈಗಲೇ ಮನೆಯಲ್ಲಿ ಯಾರಿಗಾದರೂ ಹೊಡೆತ ಬೀಳುತ್ತಿದ್ದರೆ ಓದುವುದನ್ನು ಬಿಟ್ಟು 112ಕ್ಕೆ ಫೋನ್ ಮಾಡಿ.

## ಮೊದಲ ಪ್ರಶ್ನೆಗಳು

ಮೇಡಂ, ನೀವು ಹೆಣ್ಣಾಗಿ ಹೆಂಡ್ತಿಗೆ ಹೊಡ್ದೋರಿಗೆ ವಕೀಲರನ್ನ ಕೊಡಿಸ್ತೀರಲ್ಲ, ಇದ್ಯಾವ ನ್ಯಾಯ?

ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಹೆಂಗಸರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ವಕೀಲರನ್ನು ಕೊಡಿಸಿದ ಮಾತ್ರಕ್ಕೆ ಹೊಡೆತವನ್ನು ಒಪ್ಪಿದಂತೆ ಆಗುವುದಿಲ್ಲ. ಬಂಧನಕ್ಕೊಳಗಾದ ಯಾರಿಗೇ ಆಗಲಿ ವಕೀಲರ ಸಲಹೆ ಪಡೆಯುವ ಹಕ್ಕನ್ನು ಸಂವಿಧಾನದ 22ನೇ ವಿಧಿ ಕೊಟ್ಟಿದೆ. ಹಣವಿಲ್ಲದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು ಎಂದು 39-ಎ ವಿಧಿ ಹೇಳುತ್ತದೆ. ಅದರ ಮೇಲೆಯೇ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ನಿಂತಿದೆ.

ಇನ್ನೊಂದು ಕಾರಣವೂ ಇದೆ, ಅದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ವಕೀಲರಿಲ್ಲದ ಆರೋಪಿಗೆ ನೋಟಿಸಿನಲ್ಲಿ ಏನಿದೆ ಎಂದೇ ಗೊತ್ತಿರುವುದಿಲ್ಲ. ಊರವರು ಒಬ್ಬೊಬ್ಬರು ಒಂದೊಂದು ಹೇಳಿ ಹೆದರಿಸಿರುತ್ತಾರೆ. ಆ ಹೆದರಿಕೆ ಸಿಟ್ಟಾಗಿ ತಿರುಗಿ, ಕುಡಿದು ಹೋಗಿ ಹೆಂಡತಿಯ ತವರಿನ ಬಾಗಿಲು ಬಡಿಯುತ್ತಾನೆ. ‘ನಿನ್ನ ಮಾತು ಹೇಳಲು ಕೋರ್ಟ್ ಇದೆ, ಅವರ ಮನೆ ಕಡೆ ಕಾಲಿಡಬೇಡ’ ಎಂದು ಪೊಲೀಸರು ಹೇಳಿದರೆ ಅದು ಅವನಿಗೆ ಬೆದರಿಕೆಯಾಗಿ ಕೇಳಿಸುತ್ತದೆ. ಅದೇ ಮಾತನ್ನು ತನ್ನ ಪರ ನಿಂತ ವಕೀಲರು ಹೇಳಿದರೆ ಕೇಳುತ್ತಾನೆ. ಅವನಿಗೆ ಸಿಕ್ಕ ಒಳ್ಳೆಯ ವಕೀಲರಿಂದ ಅವಳೂ ಎಷ್ಟೋ ಸಲ ಸುರಕ್ಷಿತವಾಗಿದ್ದನ್ನು ಕಂಡಿದ್ದೇನೆ.

498-ಎ ಅಂತಾರೆ, ಡಿ.ವಿ. ಅಂತಾರೆ, ಈಗ 85 ಅಂತಾರೆ. ನಮ್ ಮೇಲೆ ಆಗಿರೋದು ಯಾವ್ದು?

ನೆರವು ಕೇಳಿ ಬಂದವರಲ್ಲಿ ಅರ್ಧಕ್ಕರ್ಧ ಜನರಿಗೆ ಇದೇ ಗೊತ್ತಿರುವುದಿಲ್ಲ. ಆದ್ದರಿಂದ ಕೈಯಲ್ಲಿರುವ ಕಾಗದವನ್ನು ಮೊದಲು ನೋಡಿ.

ಅದು ಪೊಲೀಸ್ ಠಾಣೆಯಿಂದ ಬಂದಿದ್ದು, ಮೇಲ್ಗಡೆ ಅಪರಾಧ ಸಂಖ್ಯೆ, ಕಲಂ ಎಂದೆಲ್ಲ ಇದ್ದರೆ ಅದು ಕ್ರಿಮಿನಲ್ ಕೇಸು. ಗಂಡ ಅಥವಾ ಗಂಡನ ಕಡೆಯವರು ಕ್ರೌರ್ಯ ಎಸಗಿದರೆಂಬ ಆರೋಪ ಹಿಂದೆ ಭಾರತೀಯ ದಂಡ ಸಂಹಿತೆಯ 498-ಎ ಕಲಮಿನಲ್ಲಿ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಅದೇ 85ನೇ ಕಲಂ ಆಯಿತು. ಘಟನೆ ಆ ದಿನಾಂಕಕ್ಕಿಂತ ಹಿಂದಿನದಾದರೆ ಹಳೆಯ ಕಲಂ, ನಂತರದ್ದಾದರೆ ಹೊಸದು. ಶಿಕ್ಷೆ ಎರಡರಲ್ಲೂ 3 ವರ್ಷದವರೆಗಿನ ಸೆರೆ ಮತ್ತು ದಂಡ. ಇದರ ಜೊತೆ ವರದಕ್ಷಿಣೆ ನಿಷೇಧ ಕಾಯ್ದೆಯ 3 ಮತ್ತು 4ನೇ ಕಲಂ ಸೇರಿಸುವುದು ಸಾಮಾನ್ಯ. 3ನೇ ಕಲಮಿಗೆ ಕನಿಷ್ಠ ಶಿಕ್ಷೆಯೇ 5 ವರ್ಷವಾದ್ದರಿಂದ ಅದು ಇದೆಯೋ ಇಲ್ಲವೋ ಎಂದು ಖಂಡಿತ ನೋಡಿ.

ಕಾಗದ ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಬಂದಿದ್ದು, ಕ್ರಿಮಿನಲ್ ಮಿಸಲೇನಿಯಸ್ ನಂಬರ್ ಇದ್ದು, ನಿಮ್ಮನ್ನು ‘ಎದುರುದಾರ’ ಎಂದು ಕರೆದಿದ್ದರೆ ಅದು 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ ಅರ್ಜಿ. ಜನ ಡಿ.ವಿ. ಕೇಸು ಎನ್ನುವುದು ಇದನ್ನೇ. ಇಲ್ಲಿ ಆಕೆ ಕೇಳುವುದು ರಕ್ಷಣೆ, ಇರಲು ಮನೆ, ಖರ್ಚಿಗೆ ಹಣ, ಮಕ್ಕಳ ಸುಪರ್ದಿ, ಪರಿಹಾರ. ಅರ್ಜಿ ಬಿದ್ದ ಮಾತ್ರಕ್ಕೆ ಯಾರನ್ನೂ ಬಂಧಿಸುವುದಿಲ್ಲ. ಕೋರ್ಟ್ ಕೊಟ್ಟ ರಕ್ಷಣಾ ಆದೇಶವನ್ನು ಮುರಿದರೆ ಮಾತ್ರ ಅದು ಅಪರಾಧ.

ಒಂದೇ ಮನೆಯ ಜಗಳಕ್ಕೆ ಎರಡೂ ಕೇಸು, ಜೊತೆಗೆ ಕೌಟುಂಬಿಕ ನ್ಯಾಯಾಲಯದಲ್ಲಿ ಜೀವನಾಂಶದ ಅರ್ಜಿಯೂ ನಡೆಯುತ್ತಿರಬಹುದು. ಯಾವುದಕ್ಕೆ ಯಾವ ದಿನ ವಾಯಿದೆ ಎಂದು ಒಂದು ನೋಟುಪುಸ್ತಕದಲ್ಲಿ ಬೇರೆ ಬೇರೆ ಪುಟ ಮಾಡಿ ಬರೆದಿಡಿ.

ಫೀ ಇಲ್ದೆ ವಕೀಲರು ಯಾರ್‍ಯಾರಿಗೆ ಸಿಗ್ತಾರೆ? ನಂಗೆ ಎರಡೆಕ್ರೆ ಹೊಲ ಐತಿ, ಕೊಡ್ತಾರಾ?

ಹೊಲ ಇದ್ದರೆ ಕೊಡುವುದಿಲ್ಲ ಎಂಬುದು ಸುಳ್ಳು. ವರ್ಷದ ಆದಾಯ 3 ಲಕ್ಷ ರೂಪಾಯಿ ಮೀರದಿದ್ದರೆ ಸಾಕು. ಜಗಳೂರಿನ ಮಳೆಯಾಶ್ರಿತ ಎರಡೆಕರೆ ಮೆಕ್ಕೆಜೋಳದಲ್ಲಿ ಆ ಮಿತಿ ಮುಟ್ಟುವವರನ್ನು ನಾನು ಕಂಡಿಲ್ಲ.

ಕೆಲವರಿಗೆ ಆದಾಯದ ಪ್ರಶ್ನೆಯೇ ಬರುವುದಿಲ್ಲ: ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಮಕ್ಕಳು ಮತ್ತು ಎಲ್ಲ ಹೆಂಗಸರು. ಕೊನೆಯದನ್ನು ಬಹಳ ಜನ ಗಮನಿಸುವುದಿಲ್ಲ. ಸೊಸೆಯ ದೂರಿನಲ್ಲಿ ಅತ್ತೆ ಅಥವಾ ನಾದಿನಿ ಆರೋಪಿಯಾಗಿದ್ದರೆ ಅವರೂ ಹೆಂಗಸರೇ. ಮಗನ ಸಂಬಳ ಎಷ್ಟೇ ಇರಲಿ, ಆ ತಾಯಿಗೆ ಉಚಿತ ವಕೀಲರು ಸಿಗುತ್ತಾರೆ.

ಎಲ್ಲಿಗೆ ಹೋಗ್ಬೇಕು? ಏನೇನು ತಗೊಂಡೋಗ್ಬೇಕು?

ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಹರಿಹರ, ಹೊನ್ನಾಳಿ, ಚಳ್ಳಕೆರೆ, ಹಿರಿಯೂರಿನಂಥ ಊರುಗಳವರು ಅಲ್ಲಿಗೇ ಬರಬೇಕಿಲ್ಲ. ತಾಲ್ಲೂಕು ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ದಾರಿ ತಿಳಿಯದಿದ್ದರೆ 15100ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಕಾನೂನು ನೆರವಿನ ಸಹಾಯವಾಣಿ.

ಆಧಾರ್, ಬಂದಿರುವ ನೋಟಿಸು ಅಥವಾ ಎಫ್.ಐ.ಆರ್. ಪ್ರತಿ, ಆದಾಯ ಅಥವಾ ಜಾತಿ ಪ್ರಮಾಣ ಪತ್ರ ಒಯ್ಯಿರಿ. ನಾಡಕಚೇರಿಯ ಪತ್ರ ಇನ್ನೂ ಕೈಗೆ ಬಂದಿಲ್ಲ ಎಂದು ತಡಮಾಡಬೇಡಿ, ಮೊದಲು ಅರ್ಜಿ ಕೊಡಿ. ಬರೆಯಲು ಬಾರದಿದ್ದರೆ ಅಲ್ಲಿನ ಸಿಬ್ಬಂದಿ ಅಥವಾ ನನ್ನಂಥ ಸ್ವಯಂಸೇವಕರು ಬರೆದುಕೊಡುತ್ತಾರೆ.

ಬಿಟ್ಟಿ ವಕೀಲರು ಮನಸಿಟ್ಟು ನಡೆಸ್ತಾರಾ? ಕೈಬೆಚ್ಚಗೆ ಮಾಡ್ಬೇಕಾಗುತ್ತಾ?

ಒಂದು ರೂಪಾಯಿಯನ್ನೂ ಕೊಡಬೇಡಿ. ಅವರಿಗೆ ಹಣ ಕೊಡುವುದು ಪ್ರಾಧಿಕಾರ. ನಿಮ್ಮಿಂದ ಕೇಳಿದರೆ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರಿಗೆ ದೂರು ಕೊಡಿ. ಅವರು ಸ್ವತಃ ನ್ಯಾಯಾಧೀಶರು.

ಕ್ರಿಮಿನಲ್ ಕೇಸಾದರೆ ‘ಕಾನೂನು ನೆರವು ಅಭಿರಕ್ಷಕರು’ ಎಂಬ ವಕೀಲರ ತಂಡ ನಿಮ್ಮ ಪರ ನಿಲ್ಲುತ್ತದೆ. ಇವರು ಪೂರ್ಣಾವಧಿಗೆ ನೇಮಕವಾದವರು, ಕ್ರಿಮಿನಲ್ ಕೇಸುಗಳಲ್ಲಿ ಆರೋಪಿಗಳ ಪರ ವಾದಿಸುವುದೇ ಇವರ ಕೆಲಸ. ಡಿ.ವಿ. ಅರ್ಜಿ, ಜೀವನಾಂಶದಂಥವಕ್ಕೆ ಪ್ರಾಧಿಕಾರದ ಪಟ್ಟಿಯಲ್ಲಿರುವ ಬೇರೆ ವಕೀಲರು ಬರುತ್ತಾರೆ. ವಕೀಲರು ಸತತವಾಗಿ ವಾಯಿದೆ ತಪ್ಪಿಸುತ್ತಿದ್ದರೆ ಬದಲಿಸಿಕೊಡಿ ಎಂದು ಲಿಖಿತವಾಗಿ ಕೇಳಬಹುದು. ಆದರೆ ನೀವು ವಕೀಲರನ್ನು ಕಾಣುವುದೇ ವಾಯಿದೆಯ ದಿನ ಬೆಳಿಗ್ಗೆ ಎಂದಾದರೆ ಯಾವ ವಕೀಲರಿಗೂ ಕೇಸು ನಡೆಸಲಾಗದು. ಮೊದಲ ವಾರದಲ್ಲೇ ಹೋಗಿ ಒಂದು ಗಂಟೆ ಕೂತು ಎಲ್ಲವನ್ನೂ ಹೇಳಿ.

## ಠಾಣೆ, ಬಂಧನ, ಜಾಮೀನು

ಮಹಿಳಾ ಠಾಣೆಯಿಂದ ಫೋನ್ ಬಂದೈತಿ, ನಾಳೆ ಬಾ ಅಂದಾರೆ. ಹೋದ್ರೆ ಒಳಗೆ ಹಾಕ್ತಾರಾ?

ದೂರು ಬಂದ ಕೂಡಲೇ ಹಿಡಿದು ಒಳಗೆ ಹಾಕಬಾರದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಅದು 498-ಎ ಕೇಸೇ ಆಗಿತ್ತು. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಏಕೆ ಅಗತ್ಯ ಎಂಬುದಕ್ಕೆ ಪೊಲೀಸರು ಕಾರಣ ಬರೆಯಬೇಕು. ಅಗತ್ಯವಿಲ್ಲದಿದ್ದರೆ ಹಾಜರಾಗಲು ಲಿಖಿತ ನೋಟಿಸು ಕೊಡಬೇಕು. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 35(3)ನೇ ಕಲಂ.

ನೋಟಿಸು ಬಂದರೆ ಹೋಗಲೇಬೇಕು. ನೋಟಿಸಿನಂತೆ ನಡೆದುಕೊಳ್ಳುವವರನ್ನು, ಕಾರಣ ಬರೆಯದೆ ಬಂಧಿಸುವಂತಿಲ್ಲ. ತಪ್ಪಿಸಿಕೊಂಡು ತಿರುಗಿದರೆ ಬಂಧನಕ್ಕೆ ನೀವೇ ಕಾರಣ ಒದಗಿಸಿದಂತೆ. ಎಷ್ಟೋ ಹುಡುಗರು ಫೋನ್ ಸ್ವಿಚ್ ಆಫ್ ಮಾಡಿ ಬೆಂಗಳೂರಿಗೆ ಓಡಿಹೋಗುತ್ತಾರೆ. ಠಾಣೆಗೆ ಹೋಗುವ ಮೊದಲೇ, ಎಂದರೆ ಫೋನ್ ಬಂದ ದಿನವೇ, ಕಾನೂನು ಸೇವಾ ಕಚೇರಿಗೆ ಬನ್ನಿ. ಬಂಧನಕ್ಕೆ ಮೊದಲೂ ನೆರವು ಸಿಗುತ್ತದೆ, ನಿರೀಕ್ಷಣಾ ಜಾಮೀನು ಬೇಕೇ ಬೇಡವೇ ಎಂದು ವಕೀಲರು ನೋಡಿ ಹೇಳುತ್ತಾರೆ.

ಅಮ್ಮಂದು, ಹುಬ್ಬಳ್ಳಿಗೆ ಕೊಟ್ಟಿರೋ ಅಕ್ಕಂದು, ಎಲ್ಲರ ಹೆಸರೂ ಬರೆಸ್ಯಾರೆ. ಅವ್ರೇನು ಮಾಡ್ಯಾರೆ?

ಯಾರು, ಯಾವಾಗ, ಏನು ಮಾಡಿದರು ಎಂದು ಹೇಳದೆ ಸಾರಾಸಗಟಾಗಿ ಸಂಬಂಧಿಕರ ಹೆಸರು ಸೇರಿಸಿದ್ದರೆ ಅವರ ಮೇಲೆ ಕೇಸು ನಡೆಸಬಾರದೆಂದು ಸುಪ್ರೀಂ ಕೋರ್ಟ್ 2022ರಲ್ಲೂ 2024ರ ಡಿಸೆಂಬರಿನಲ್ಲೂ ಹೇಳಿದೆ. ಅಕ್ಕ ಬೇರೆ ಊರಿನಲ್ಲೇ ಸಂಸಾರ ಮಾಡುತ್ತಿದ್ದಾರೆ ಎಂಬುದಕ್ಕೆ ರೇಷನ್ ಕಾರ್ಡು, ಮಕ್ಕಳ ಶಾಲೆಯ ದಾಖಲೆ, ಬಾಡಿಗೆ ಕರಾರು ಜೋಡಿಸಿ. ದೂರ ಇದ್ದರೆಂಬ ಒಂದೇ ಕಾರಣಕ್ಕೆ ಬಿಡುಗಡೆ ಖಚಿತವಲ್ಲ. ಫೋನಿನಲ್ಲಿ ವರದಕ್ಷಿಣೆ ಕೇಳಿದ ಆರೋಪ ಇರಬಹುದು. ದೂರಿನಲ್ಲಿ ಅವರ ಬಗ್ಗೆ ನಿಖರವಾಗಿ ಏನು ಬರೆದಿದೆ ಎಂದು ಸಾಲು ಸಾಲಾಗಿ ಓದಿಸಿಕೊಂಡು ಕೇಳಿ.

ಹಿಡ್ಕೊಂಡೋಗೇಬಿಟ್ರು. ಈಗ ಮನೆಯೋರು ಏನು ಮಾಡ್ಬೇಕು?

ಬಂಧಿಸಿದ ಕಾರಣವನ್ನು ಪೊಲೀಸರು ಹೇಳಬೇಕು, ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಸಮಯ ಅದರಲ್ಲಿ ಸೇರುವುದಿಲ್ಲ. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು, ತೀರಾ ಅಸಾಧಾರಣ ಸಂದರ್ಭ ಬಿಟ್ಟರೆ ಬಂಧಿಸುವಂತಿಲ್ಲ. ವಿಚಾರಣೆಯ ನಡುವೆ ವಕೀಲರನ್ನು ಕಾಣಲು ಅವಕಾಶವಿದೆ.

ಮ್ಯಾಜಿಸ್ಟ್ರೇಟರು ‘ವಕೀಲರಿದ್ದಾರಾ?’ ಎಂದು ಕೇಳುತ್ತಾರೆ. ಇಲ್ಲದಿದ್ದರೆ ಬಾಯಿಬಿಟ್ಟು ಇಲ್ಲ ಎನ್ನಬೇಕು. ಆ ಒಂದು ಮಾತಿಗೇ ಕಾನೂನು ನೆರವಿನ ವಕೀಲರು ಅಲ್ಲೇ ಸಿಗುತ್ತಾರೆ. ಬಹಳ ಜನ ತಲೆ ತಗ್ಗಿಸಿ ಸುಮ್ಮನೆ ನಿಲ್ಲುತ್ತಾರೆ. ಪೊಲೀಸರಿಂದ ಏಟು ಬಿದ್ದಿದ್ದರೆ ಅದನ್ನೂ ಅಲ್ಲೇ ಹೇಳಬೇಕು.

ಜಾಮೀನು ಆಗೈತಂತೆ, ಆದ್ರೆ ಪಹಣಿ ಇರೋರು ಯಾರೂ ನಿಲ್ತಿಲ್ಲ. ಇನ್ನೂ ಒಳಗೇ ಅವ್ನೆ.

ಮಂಡಕ್ಕಿ ಭಟ್ಟಿಯಲ್ಲೋ ಗಾರೆ ಕೆಲಸದಲ್ಲೋ ಇರುವವರಿಗೆ ಈ ಕಷ್ಟ ಹೆಚ್ಚು. ಜಾಮೀನಿನ ಆದೇಶ ಕೈಗೆ ಬಂದಿರುತ್ತದೆ, ಹೊಲದ ಪಹಣಿ ತಂದು ನಿಲ್ಲುವ ನೆಂಟರು ಇರುವುದಿಲ್ಲ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ನಿರ್ದೇಶನ ಕೊಟ್ಟಿದೆ: ಜಾಮೀನು ಆಗಿ 7 ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಜಾಮೀನುದಾರರು ಸಿಗದಿದ್ದರೆ ಕೋರ್ಟ್ ತಾನಾಗಿಯೇ ಷರತ್ತು ಸಡಿಲಿಸುವ ಬಗ್ಗೆ ಯೋಚಿಸಬಹುದು. ಮನೆಯವರು ಅಷ್ಟು ದಿನ ಕಾಯದೆ ಮೊದಲೇ ಪ್ರಾಧಿಕಾರಕ್ಕೆ ಬಂದು ಹೇಳಿದರೆ ಷರತ್ತು ಬದಲಿಸಲು ಅರ್ಜಿ ಹಾಕಿಸುತ್ತೇವೆ.

ಹಣಕ್ಕೆ ಜಾಮೀನು ನಿಲ್ಲುವವರ ಸಹವಾಸ ಬೇಡ. ಜಾಮೀನುದಾರರು ಇನ್ನೂ ಎಷ್ಟು ಜನರಿಗೆ ನಿಂತಿದ್ದಾರೆಂದು ಕೋರ್ಟಿಗೆ ಘೋಷಿಸಬೇಕು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ನಿಮ್ಮ ಜಾಮೀನಿಗೂ ಕುತ್ತು.

ಜಾಮೀನು ಸಿಕ್ತು. ಅವಳ ತವರಿಗೆ ಹೋಗಿ ಒಂದ್ಸಲ ಮಾತಾಡಿ ಬರ್ಲಾ?

ಬೇಡ.

ಮನಸ್ಸು ತಡೆಯುವುದಿಲ್ಲ ಎನ್ನುವುದು ಗೊತ್ತು, ಮಕ್ಕಳ ನೆನಪಾಗುತ್ತದೆ ಎನ್ನುವುದೂ ಗೊತ್ತು. ಆದರೆ ಜಾಮೀನಿನ ಆದೇಶದಲ್ಲಿ ‘ಸಾಕ್ಷಿಗಳನ್ನು ಬೆದರಿಸಬಾರದು, ಪ್ರಭಾವಿಸಬಾರದು’ ಎಂಬ ಷರತ್ತು ಇದ್ದೇ ಇರುತ್ತದೆ, ಮತ್ತು ಕೇಸಿನ ಮೊದಲ ಸಾಕ್ಷಿ ಆಕೆಯೇ. ನೀವು ಮೆತ್ತಗೆ ಮಾತಾಡಲೆಂದೇ ಹೋಗಿರಬಹುದು. ನಿಮ್ಮನ್ನು ಬಾಗಿಲಲ್ಲಿ ಕಂಡ ಕೂಡಲೇ ಆಕೆಗೆ ಹಿಂದಿನದೆಲ್ಲ ನೆನಪಾಗುತ್ತದೆ. ಅಲ್ಲಿ ಅವಳ ಅಣ್ಣ ಇರುತ್ತಾನೆ, ಮಾತು ಬೆಳೆಯುತ್ತದೆ, ಇನ್ನೊಂದು ಕೇಸು ಆಗುತ್ತದೆ.

ಫೋನೂ ಬೇಡ. ಒಬ್ಬರ ಕೇಸಿನಲ್ಲಿ ಜಾಮೀನು ರದ್ದುಮಾಡಲು ಕೊಟ್ಟ ಅರ್ಜಿಯ ಜೊತೆ ಮೊಬೈಲಿನ ಚಿತ್ರಗಳನ್ನು ಲಗತ್ತಿಸಿದ್ದರು: ರಾತ್ರಿ ಹನ್ನೊಂದರ ಮೇಲೆ ಸಾಲಾಗಿ ಮಿಸ್ಡ್ ಕಾಲ್, ನಡುವೆ ‘ಕಾಲ್ ಎತ್ತು’, ಆಮೇಲೆ ‘ಸಾರಿ’, ಬೆಳಗಿನ ಜಾವಕ್ಕೆ ‘ನೋಡ್ಕೋತೀನಿ’. ಕಳಿಸಿದವನು ತಾನು ಕ್ಷಮೆ ಕೇಳಿದೆ ಎಂದೇ ನಂಬಿದ್ದ. ಓದಿದವರಿಗೆ ಕಂಡದ್ದು ಕೊನೆಯ ಸಾಲು. ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಚುಚ್ಚುವುದು, ಗೆಳೆಯನ ಕೈಲಿ ಹೇಳಿ ಕಳಿಸುವುದು, ಅವಳು ಕೆಲಸ ಮಾಡುವ ಕಡೆ ಬೈಕು ನಿಲ್ಲಿಸಿ ಕಾಯುವುದು, ಎಲ್ಲವೂ ಇದೇ ಲೆಕ್ಕ. ಹೇಳಬೇಕಾದ್ದಿದ್ದರೆ ವಕೀಲರ ಮೂಲಕ ಹೇಳಿ.

ಡಿ.ವಿ. ಕಾಯ್ದೆಯ ರಕ್ಷಣಾ ಆದೇಶ ಇದ್ದರಂತೂ ಅದನ್ನು ಮುರಿಯುವುದೇ ಬೇರೆ ಅಪರಾಧ: ಒಂದು ವರ್ಷದವರೆಗೆ ಸೆರೆ, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದು ಜಾಮೀನುರಹಿತ.

## ಕೋರ್ಟಿನಲ್ಲಿ

ಡಿ.ವಿ. ಕೇಸು ಸಿವಿಲ್ ಇದ್ದಂಗೆ ಅಂತಾರೆ. ಹೋಗ್ದೆ ಇದ್ರೆ ಏನಾಗುತ್ತೆ?

ನೀವಿಲ್ಲದೆಯೇ ಆದೇಶ ಆಗುತ್ತದೆ, ಅಷ್ಟೆ. ಏಕಪಕ್ಷೀಯವಾಗಿ ತಿಂಗಳಿಗಿಷ್ಟು ಹಣ ಎಂದು ನಿಗದಿಯಾಗಿ, ನಿಮಗೆ ಅದು ತಿಳಿಯುವುದು ವಸೂಲಿ ವಾರಂಟ್ ಬಂದಾಗ. ಮಧ್ಯಂತರ ಆದೇಶವನ್ನು ನ್ಯಾಯಾಧೀಶರು ಮೊದಲ ದಿನಗಳಲ್ಲೇ ಕೊಡಬಹುದು. ಪ್ರತಿ ವಾಯಿದೆಗೂ ನೀವೇ ಬರಬೇಕೆಂದಿಲ್ಲ, ವಕೀಲರು ಹಾಜರಾದರೆ ನಡೆಯುತ್ತದೆ. ಆದೇಶ ಸರಿಯಿಲ್ಲ ಎನಿಸಿದರೆ 30 ದಿನದೊಳಗೆ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬೇಕು.

ಮನೆ ನಮ್ಮಪ್ಪನ ಹೆಸರಲ್ಲೈತಿ. ಅವಳು ಅಲ್ಲೇ ಇರ್ತೀನಿ ಅಂದ್ರೆ ಹೆಂಗೆ?

ಮದುವೆಯಾಗಿ ಬಂದು ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು ಆಕೆಗಿದೆ. ಮನೆ ಯಾರ ಹೆಸರಿನಲ್ಲಿದೆ ಎನ್ನುವುದೊಂದೇ ಮುಖ್ಯವಲ್ಲ; ಅತ್ತೆ ಮಾವನ ಮನೆಯೂ ಇದರಲ್ಲಿ ಬರಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದು ಇರುವ ಹಕ್ಕು, ಮನೆಯ ಒಡೆತನವಲ್ಲ. ವಯಸ್ಸಾದ ತಂದೆ ತಾಯಿಯ ನೆಮ್ಮದಿಯನ್ನೂ ಕೋರ್ಟ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆಕೆಗೆ ಬೇರೆ ಬಾಡಿಗೆ ಮನೆ ಮಾಡಿಕೊಡಿ ಎಂದು ಆದೇಶಿಸಬಹುದು. ಅಗತ್ಯ ಕಂಡರೆ ಗಂಡನನ್ನೇ ಮನೆಯಿಂದ ಹೊರಗಿರು ಎನ್ನಬಹುದು. ಆದರೆ ಅತ್ತೆಯನ್ನೋ ಬೇರೆ ಯಾವ ಹೆಂಗಸನ್ನೋ ಹಾಗೆ ಹೊರಗೆ ಕಳಿಸುವಂತಿಲ್ಲ. ಬೀಗ ಬದಲಿಸುವುದು, ಅವಳ ಸಾಮಾನು ಅಂಗಳಕ್ಕೆ ಎಸೆಯುವುದು, ಕರೆಂಟು ಕೀಳಿಸುವುದು ಇವೆಲ್ಲ ನಿಮ್ಮ ವಿರುದ್ಧದ ಸಾಕ್ಷಿಯಾಗುತ್ತವೆ.

ದಿನಗೂಲಿಯವ್ನು ನಾನು. ತಿಂಗಳಾ ಜೀವನಾಂಶ ಎಲ್ಲಿಂದ ತರ್ಲಿ?

ಎಷ್ಟು ಕೊಡಬಲ್ಲಿರಿ ಎಂಬುದನ್ನು ಮುಚ್ಚಿಡದೆ ಹೇಳುವುದೇ ದಾರಿ. ಸುಪ್ರೀಂ ಕೋರ್ಟಿನ 2020ರ ರಜ್ನೇಶ್–ನೇಹಾ ತೀರ್ಪಿನ ನಂತರ ಗಂಡ, ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲಗಳ ಪ್ರಮಾಣ ಪತ್ರ ಕೊಡಬೇಕು. ಕೂಲಿ ಎಷ್ಟು ದಿನ ಸಿಗುತ್ತದೆ, ಸಂಘದ ಸಾಲದ ಕಂತು ಎಷ್ಟು, ಅಮ್ಮನ ಔಷಧಿಗೆ ಎಷ್ಟು ಎಂದು ಬರೆಯಿರಿ. ‘ಆದಾಯವೇ ಇಲ್ಲ’ ಎಂದು ಗಟ್ಟಿಮುಟ್ಟಾದ ಮನುಷ್ಯ ಬರೆದರೆ ಯಾವ ನ್ಯಾಯಾಧೀಶರೂ ನಂಬುವುದಿಲ್ಲ, ಆಮೇಲೆ ನಿಮ್ಮ ನಿಜವನ್ನೂ ನಂಬುವುದಿಲ್ಲ.

ಆದೇಶವಾದ ಮೇಲೆ ಕೈಯಲ್ಲಿ ಕೊಡಬೇಡಿ, ಬ್ಯಾಂಕಿನ ಮೂಲಕ ಅಥವಾ ಫೋನ್‌ಪೇಯಲ್ಲಿ ಹಾಕಿ ರಸೀದಿ ಉಳಿಸಿ. ಕೆಲಸ ತಪ್ಪಿತು, ಕೈಕಾಲು ಮುರಿಯಿತು ಎಂದಾದರೆ ಮೊತ್ತ ಕಡಿಮೆ ಮಾಡಲು ಕೂಡಲೇ ಅರ್ಜಿ ಕೊಡಿ. ಸುಮ್ಮನೆ ಕಟ್ಟದೆ ಉಳಿದರೆ ಬಾಕಿ ಬೆಳೆಯುತ್ತದೆ. ಬಾಕಿಯಾದ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೂ ಜೈಲಿಗೆ ಕಳಿಸಲು ಅವಕಾಶವಿದೆ. ಎರಡು ಕಡೆ ಜೀವನಾಂಶದ ಆದೇಶ ಆಗಿದ್ದರೆ ಒಂದರಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಹೊಂದಿಸಿಕೊಳ್ಳಲು ಕೇಳಬಹುದು, ಮೊದಲನೆಯ ಆದೇಶವನ್ನು ಎರಡನೆಯ ಕೋರ್ಟಿಗೆ ತೋರಿಸಬೇಕು.

ಮಕ್ಕಳ ಮುಖ ನೋಡೋಕೂ ಬಿಡ್ತಿಲ್ಲ.

ಅದೇ ಡಿ.ವಿ. ಕೇಸಿನಲ್ಲಿ ಭೇಟಿಯ ಅವಕಾಶ ಕೇಳಬಹುದು. ಮಗುವಿಗೆ ತೊಂದರೆಯಿಲ್ಲ ಎಂದು ಕಂಡರೆ ಸ್ಥಳ, ಸಮಯ ನಿಗದಿ ಮಾಡುತ್ತಾರೆ. ಶಾಲೆಯ ಗೇಟಿನಿಂದ ಮಗುವನ್ನು ಎತ್ತಿಕೊಂಡು ಹೋದರೆ ಆ ಅವಕಾಶ ಕಳೆದುಕೊಳ್ಳುತ್ತೀರಿ. ಸಿಕ್ಕ ಭೇಟಿಯಲ್ಲಿ ‘ಅಮ್ಮ ಏನಂತಾಳೆ?’ ಎಂದು ಮಗುವನ್ನು ವಿಚಾರಿಸಬೇಡಿ.

ಸರ್ಕಾರಿ ನೌಕರಿ ಐತಿ. ಕೇಸು ಆದ್ರೆ ಕೆಲ್ಸ ಹೋಗುತ್ತಾ?

ಎಫ್.ಐ.ಆರ್. ಆದ ಮಾತ್ರಕ್ಕೆ ಹೋಗುವುದಿಲ್ಲ. ರಾಜ್ಯ ಸರ್ಕಾರಿ ನೌಕರರು 48 ಗಂಟೆಗಿಂತ ಹೆಚ್ಚು ಬಂಧನದಲ್ಲಿದ್ದರೆ ಅಮಾನತು ಆಗುತ್ತದೆ. ಇಲಾಖೆಯಿಂದ ಮುಚ್ಚಿಡಬೇಡಿ.

## ಇನ್ನೂ ಕಷ್ಟದ ಪ್ರಶ್ನೆಗಳು

ಊರ ಹಿರೇರು ಕುಂತು ರಾಜಿ ಮಾಡ್ಸಿ ಬಾಂಡ್ ಪೇಪರಿನಲ್ಲಿ ಬರ್ಸಿದಾರೆ. ಕೇಸು ಮುಗೀತಲ್ಲ?

ಮುಗಿಯಲಿಲ್ಲ. 498-ಎ ಅಥವಾ 85ನೇ ಕಲಮಿನ ಕೇಸನ್ನು ನಮ್ಮ ರಾಜ್ಯದಲ್ಲಿ ಇಬ್ಬರೂ ಒಪ್ಪಿದರೆಂದು ಠಾಣೆಯಲ್ಲಾಗಲಿ ಮ್ಯಾಜಿಸ್ಟ್ರೇಟರ ಮುಂದಾಗಲಿ ಕೈಬಿಡಲು ಬರುವುದಿಲ್ಲ. ಅದನ್ನು ರದ್ದುಪಡಿಸುವ ಅಧಿಕಾರ ಹೈಕೋರ್ಟಿಗಿದೆ. ನಿಜವಾದ ರಾಜಿಯಾಗಿದ್ದರೆ ಹೀಗೆ ರದ್ದುಪಡಿಸಬಹುದೆಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ನಕಾಶೆಯಲ್ಲಿ ದಾವಣಗೆರೆಗೆ ಧಾರವಾಡ ಪೀಠ ಹತ್ತಿರ ಕಂಡರೂ ನಮ್ಮ ಎರಡೂ ಜಿಲ್ಲೆಗಳು ಬೆಂಗಳೂರಿನ ಪ್ರಧಾನ ಪೀಠಕ್ಕೆ ಸೇರಿವೆ. ಅಲ್ಲಿಯೂ ಹೈಕೋರ್ಟ್ ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. ‘ಬಾಂಡ್ ಆಗಿದೆ’ ಎಂದು ವಾಯಿದೆಗೆ ಹೋಗುವುದು ಬಿಟ್ಟವರಿಗೆ ಕೊನೆಗೆ ವಾರಂಟ್ ಬರುತ್ತದೆ.

ಹಿರಿಯರ ಪಂಚಾಯ್ತಿಯ ಬಗ್ಗೆ ನನಗೆ ಗೌರವವಿದೆ, ಭಯವೂ ಇದೆ. ಜಗಲಿಯ ಮೇಲೆ ಗಂಡಸರೆಲ್ಲ ಕೂತು, ಆಕೆಯನ್ನು ಕಂಬದ ಪಕ್ಕ ನಿಲ್ಲಿಸಿ, ‘ಸಂಸಾರ ಅಂದ್ಮೇಲೆ ಇರುತ್ತಮ್ಮ, ಸೈನ್ ಮಾಡು’ ಎಂದರೆ ಅದಕ್ಕೆ ರಾಜಿ ಎನ್ನಲಾಗದು. ಹಾಗೆ ಬರೆಸಿದ್ದು ಹೈಕೋರ್ಟಿನಲ್ಲಿ ನಿಲ್ಲುವುದೂ ಇಲ್ಲ, ಯಾಕೆಂದರೆ ಆಕೆ ತನ್ನ ಇಚ್ಛೆಯಿಂದ ಒಪ್ಪಿದ್ದಾರೆಯೇ ಎಂದು ನ್ಯಾಯಮೂರ್ತಿಗಳು ಕೇಳುತ್ತಾರೆ. ಒಟ್ಟಿಗೆ ಬಾಳುವ ಅಥವಾ ಗೌರವದಿಂದ ಬೇರೆಯಾಗುವ ಮನಸ್ಸು ಇಬ್ಬರಿಗೂ ಇದ್ದರೆ ನ್ಯಾಯಾಲಯದ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿ ಎಂದು ಕೇಳಿ. ಅಲ್ಲಿ ಇಬ್ಬರ ಜೊತೆಗೂ ಬೇರೆ ಬೇರೆಯಾಗಿ ಮಾತಾಡುತ್ತಾರೆ, ಆಡಿದ ಮಾತು ಗುಟ್ಟಾಗಿರುತ್ತದೆ.

ನಿಜ ಹೇಳ್ತೀನಿ ಅಕ್ಕಾ, ಹೊಡ್ದಿದೀನಿ. ವಕೀಲರಿಗೆ ಹೇಳ್ಬೇಕಾ, ಮುಚ್ಚಿಡ್ಬೇಕಾ?

ವಕೀಲರಿಗೆ ಹೇಳಿ. ನೀವು ಅವರಿಗೆ ಹೇಳಿದ ಹಳೆಯ ಸಂಗತಿಯನ್ನು ಅವರು ನಿಮ್ಮ ಒಪ್ಪಿಗೆಯಿಲ್ಲದೆ ಹೊರಗೆ ಹೇಳುವಂತಿಲ್ಲ. ಸಾಕ್ಷ್ಯ ಕಾನೂನೇ ಅದನ್ನು ಕಾಯುತ್ತದೆ. ಆದರೆ ‘ಇನ್ನು ಮುಂದೆ ಅವಳಿಗೆ ಹೀಗೆ ಮಾಡ್ತೀನಿ’ ಎಂಬ ಮಾತಿಗೆ ಆ ರಕ್ಷಣೆಯಿಲ್ಲ.

ನಿಜ ಗೊತ್ತಿದ್ದರೆ ವಕೀಲರಿಗೆ ಸರಿಯಾದ ದಾರಿ ಹಿಡಿಯಲು ಆಗುತ್ತದೆ. ಆರೋಪದಲ್ಲಿ ಯಾವುದು ನಡೆದದ್ದು, ಯಾವುದು ಸೇರಿಸಿದ್ದು ಎಂದು ಬೇರ್ಪಡಿಸುತ್ತಾರೆ. ತಪ್ಪು ಸಾಬೀತಾದರೂ ಮೊದಲ ಸಲದವರಿಗೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ, ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡಿ ಎಂದು ಕೇಳಬಹುದು. ಕೊಡುವುದು ಬಿಡುವುದು ನ್ಯಾಯಾಧೀಶರಿಗೆ ಬಿಟ್ಟದ್ದು. ಪೊಲೀಸರ ಮುಂದೆ, ನೆಂಟರ ಮುಂದೆ, ಫೋನಿನಲ್ಲಿ ಮಾತ್ರ ಕೇಸಿನ ವಿಷಯ ಮಾತಾಡಬೇಡಿ.

ಹೊಡೆದದ್ದು ಒಪ್ಪಿಕೊಂಡು ಬರುವವರನ್ನು ನಾನು ಕೀಳಾಗಿ ಕಾಣುವುದಿಲ್ಲ. ಅವರ ಜೊತೆ ಕೆಲಸ ಮಾಡಲು ಆಗುತ್ತದೆ.

ಕುಡ್ದಾಗ ಮಾತ್ರ ಹಿಂಗಾಗೋದು. ಬಾಕಿ ಟೈಮಲ್ಲಿ ಬಂಗಾರದಂಥ ಮನುಷ್ಯ.

ಇದನ್ನು ಬಹುಪಾಲು ಆರೋಪಿಗಳ ತಾಯಂದಿರು ಹೇಳುತ್ತಾರೆ. ತಾನಾಗಿ ಕುಡಿದದ್ದು ಕಾನೂನಿನಲ್ಲಿ ನೆಪವಾಗುವುದಿಲ್ಲ. ಆದರೆ ಕೇಸಿನ ಮಧ್ಯೆಯೇ ಚಿಕಿತ್ಸೆ ಶುರುಮಾಡಬಹುದು, ಮಾಡಬೇಕು. ದಾವಣಗೆರೆಯವರು ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ, ಚಿತ್ರದುರ್ಗದವರು ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ದಿನವೂ ಜಾಸ್ತಿ ಕುಡಿಯುವವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವುದುಂಟು, ಡಾಕ್ಟರ ಸಲಹೆ ಮೇಲೆಯೇ ಬಿಡಬೇಕು. ಕುಡಿತ ಬಿಟ್ಟ ಮೇಲೂ ಕೈ ಎತ್ತುವವರನ್ನು ನೋಡಿದ್ದೇನೆ. ಆದ್ದರಿಂದ ಕುಡಿತಕ್ಕೆ ಒಂದು, ಹೊಡೆಯುವ ಚಾಳಿಗೆ ಇನ್ನೊಂದು, ಎರಡಕ್ಕೂ ಆಪ್ತಸಮಾಲೋಚನೆ ಬೇಕು. ಡಿ.ವಿ. ಕಾಯ್ದೆಯ 14ನೇ ಕಲಮಿನಲ್ಲಿ ಮ್ಯಾಜಿಸ್ಟ್ರೇಟರೇ ಸಮಾಲೋಚನೆಗೆ ಕಳಿಸಬಹುದು.

ಪೂರ್ತಿ ಸುಳ್ಳು ಕೇಸು. ನಾವೂ ತಿರುಗಿ ಒಂದು ಜಡೀಬೋದಲ್ಲ?

ನಿಜವಾಗಿ ನಡೆದ ಅಪರಾಧವಿದ್ದರೆ ದೂರು ಕೊಡಿ. ಬಗ್ಗಿಸಲೆಂದೇ ಹಾಕಿದ ಕೇಸು ನಿಮ್ಮನ್ನೇ ಸುತ್ತಿಕೊಳ್ಳುತ್ತದೆ. ಸುಳ್ಳು ಎಂದು ತೋರಿಸುವ ಜಾಗ ಪಾಟೀ ಸವಾಲು, ಎಂದರೆ ಆ ಕಡೆಯ ಸಾಕ್ಷಿಗಳನ್ನು ನಿಮ್ಮ ವಕೀಲರು ಪ್ರಶ್ನಿಸುವ ಹಂತ. ಅಲ್ಲಿ ದಿನಾಂಕಗಳು ಮಾತಾಡುತ್ತವೆ: ಆ ದಿನ ನೀವು ಕೆಲಸದ ಮೇಲಿದ್ದ ಹಾಜರಿ ಪುಸ್ತಕ, ಬಸ್ ಟಿಕೆಟ್, ಆಸ್ಪತ್ರೆಯ ಚೀಟಿ. ಸಂದೇಶಗಳಿರುವ ಹಳೆಯ ಮೊಬೈಲನ್ನು ಮಾರಬೇಡಿ, ಏನನ್ನೂ ಅಳಿಸಬೇಡಿ. ಪ್ರಿಂಟ್ ಜೊತೆ ಕಾನೂನು ಕೇಳುವ ಪ್ರಮಾಣ ಪತ್ರವೂ ಬೇಕು. ಖುಲಾಸೆಯಾದ ಮಾತ್ರಕ್ಕೆ ದೂರು ಸುಳ್ಳಾಗಿತ್ತು ಎಂದಾಗುವುದಿಲ್ಲ, ಸಾಕ್ಷಿ ಸಾಲದೆಯೂ ಖುಲಾಸೆಯಾಗುತ್ತದೆ.

ಹೊಡೆಸ್ಕೊಳ್ಳೋನು ನಾನು. ಗಂಡಸರಿಗೆ ಕಾನೂನೇ ಇಲ್ವಾ?

ಡಿ.ವಿ. ಕಾಯ್ದೆಯಲ್ಲಿ ಗಂಡಸರು ಅರ್ಜಿ ಹಾಕಲು ಬರುವುದಿಲ್ಲ. ಆದರೆ ಹೊಡೆತ, ಗಾಯ, ಬೆದರಿಕೆ ಯಾರು ಯಾರಿಗೆ ಮಾಡಿದರೂ ಅಪರಾಧವೇ. ಠಾಣೆಗೆ ದೂರು ಕೊಡಬಹುದು. ಕ್ರೌರ್ಯ ವಿಚ್ಛೇದನಕ್ಕೂ ಕಾರಣವಾಗುತ್ತದೆ. ಗಾಯವಾದ ದಿನವೇ ಆಸ್ಪತ್ರೆಗೆ ಹೋಗಿ ಬರೆಸಿ. ನಾಚಿಕೆ ಪಟ್ಟು ಕಿರಾಣಿ ಅಂಗಡಿಯ ಮುಲಾಮು ಹಚ್ಚಿಕೊಂಡು ಸುಮ್ಮನಿರುವವರೇ ಹೆಚ್ಚು.

ಶಿಕ್ಷೆ ಆಗೋಯ್ತು. ಇನ್ನೇನೂ ಇಲ್ವಾ?

ಸೆಷನ್ಸ್ ನ್ಯಾಯಾಲಯಕ್ಕೆ 30 ದಿನದೊಳಗೆ ಮೇಲ್ಮನವಿ ಇದೆ, ಅದಕ್ಕೂ ಉಚಿತ ವಕೀಲರಿದ್ದಾರೆ. ಶಿಕ್ಷೆ 3 ವರ್ಷ ಮೀರದಿದ್ದು ನೀವು ಜಾಮೀನಿನ ಮೇಲಿದ್ದರೆ, ಮೇಲ್ಮನವಿ ಹಾಕುವವರೆಗೆ ಜಾಮೀನು ಮುಂದುವರಿಸಲು ಅದೇ ದಿನ ಅದೇ ಕೋರ್ಟಿನಲ್ಲಿ ಕೇಳಬೇಕು. ತೀರ್ಪಿನ ದಿನ ಬೆಳಿಗ್ಗೆಯೇ ವಕೀಲರ ಜೊತೆ ಇದನ್ನು ಮಾತಾಡಿಟ್ಟುಕೊಳ್ಳಿ.

ಕೇಸು ನಮ್ಮ ತಮ್ಮನ ಮೇಲೆ. ಆದ್ರೆ ಅವನ ಹೆಂಡ್ತಿ ಬಗ್ಗೆನೂ ಸಂಕಟ ಆಗುತ್ತೆ. ನಾವೇನು ಮಾಡ್ಬೋದು?

ಮಾಡಬಹುದಾದ್ದು ಬಹಳ ಇದೆ. ಆಕೆಯ ಒಡವೆ, ಮಾರ್ಕ್ಸ್ ಕಾರ್ಡು, ಆಧಾರ್, ಮಕ್ಕಳ ಬಟ್ಟೆ ನಿಮ್ಮ ಮನೆಯಲ್ಲಿದ್ದರೆ ಪಟ್ಟಿ ಮಾಡಿ ವಕೀಲರ ಮೂಲಕ ತಲುಪಿಸಿ, ಆಕೆ ಕೇಳುವವರೆಗೆ ಕಾಯಬೇಡಿ. ತಮ್ಮನ ಪರ ಮಾತಾಡಲು ಆಕೆಗೆ ಫೋನ್ ಮಾಡಬೇಡಿ. ಅವನ ಸಿಟ್ಟು ಏರುತ್ತಿದೆ, ಏನೋ ಮಾಡಿಬಿಡುತ್ತಾನೆ ಎನಿಸಿದರೆ 112ಕ್ಕೆ ತಿಳಿಸಿ. ಅವನು ನಿಮ್ಮ ತಮ್ಮ ಎಂದು ತಡೆಯಬೇಡಿ. ‘ಸತ್ತು ಹೋಗ್ತೀನಿ’ ಎನ್ನುತ್ತಿದ್ದರೆ ಒಬ್ಬನನ್ನೇ ಬಿಡಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಆಕೆಗೂ ತನ್ನದೇ ದಾರಿಗಳಿವೆ: ಮಹಿಳಾ ಸಹಾಯವಾಣಿ 181, ಜಿಲ್ಲೆಯ ಸಖಿ ಕೇಂದ್ರ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಡಿ.ವಿ. ಕಾಯ್ದೆಯಡಿ ಸಂರಕ್ಷಣಾಧಿಕಾರಿ ಈ ಯೋಜನಾಧಿಕಾರಿಯೇ. ಆಕೆಗೂ ಆದಾಯ ನೋಡದೆ ಉಚಿತ ವಕೀಲರನ್ನು ಪ್ರಾಧಿಕಾರ ಕೊಡುತ್ತದೆ. ಅವರು ನಿಮ್ಮ ತಮ್ಮನ ವಕೀಲರಲ್ಲ, ಬೇರೆಯವರು. ಆಕೆ ಅವರಿಗೆ ಹೇಳಿದ್ದು ಇವರ ಕಿವಿಗೆ ಬೀಳುವುದಿಲ್ಲ.